ಅಡ್ಡಹೆಸರಿಗೆ ನಗುವವರ ಊರಿಗೂ ಒಂದು ಹೆಸರಿದೆ

(ಗದಗ ಕಡೆಯ ಓದುಗರೊಬ್ಬರ ಪತ್ರದ ಸಾರ: ಅವರದು ತರಕಾರಿಯ ಅಡ್ಡಹೆಸರು. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಯಾರಾದರೂ ಪೂರ್ತಿ ಹೆಸರು ಹಿಡಿದು ಕೂಗಿದರೆ ಸುತ್ತಲಿನವರು ಕಿಸಕ್ಕೆನ್ನುತ್ತಾರಂತೆ. ಈಗ ಮೊಮ್ಮಗಳು ಹುಟ್ಟಿದ್ದಾಳೆ. 'ಅಡ್ಡಹೆಸರು ಬಿಟ್ಟು ಇಲ್ಲಿಯವರ ಹಾಗೆ ಇನಿಷಿಯಲ್ ಇಡೋಣ' ಎನ್ನುತ್ತಾನೆ ಮಗ. ನಗುವಂಥದ್ದು ಏನಿದೆ, ಇನಿಷಿಯಲ್ ಇಟ್ಟರೆ ತಾಪತ್ರಯ ತಪ್ಪುತ್ತದೆಯೇ ಎಂದು ಕೇಳಿದ್ದಾರೆ.)

ಹಿರಿಯರೇ,

ನಗು ಬರುವುದೇ ಇಲ್ಲ ಎಂದು ವಾದಿಸುವುದು ಬೇಡ. ಉಳ್ಳಾಗಡ್ಡಿಯವರ ಹುಡುಗಿಗೂ ಮೆಣಸಿನಕಾಯಿಯವರ ಹುಡುಗನಿಗೂ ಲಗ್ನವೆಂದು ಪತ್ರಿಕೆ ಬಂದರೆ, ಊಟಕ್ಕೆ ಏನಿರಬಹುದೆಂದು ಮೈಸೂರಿನವರು ಒಂದು ಮಾತು ಆಡಿಯೇ ಆಡುತ್ತಾರೆ. ನಿಮ್ಮ ಕಡೆ ಯಾರೂ ಆಡುವುದಿಲ್ಲ. ಅಲ್ಲಿ ಅದು ಮನೆತನ, ತರಕಾರಿಯಲ್ಲ. 'ಬೆಲ್ಲದ', 'ತುಪ್ಪದ' ಎಂಬ ಅಡ್ಡಹೆಸರುಗಳನ್ನೇ ನೋಡಿ: ಬೆಲ್ಲದ ಏನು, ತುಪ್ಪದ ಏನು ಎಂದು ಯಾರೂ ಕೇಳುವುದಿಲ್ಲ. ಹಿಂದಿದ್ದ ವ್ಯಾಪಾರ ಬಿದ್ದುಹೋಗಿ ಷಷ್ಠೀ ವಿಭಕ್ತಿಯೊಂದು ಮನೆಬಾಗಿಲಲ್ಲಿ ಉಳಿದಿದೆ. ಇಂಗ್ಲಿಷಿನಲ್ಲಿ ಬರೆಯುವ ಹೊತ್ತಿಗೆ ಅದರ ಕೊನೆಯ ಅಕಾರವೂ ಹೋಗಿ 'ಬೆಲ್ಲದ್' ಆಗುತ್ತದೆ. ಹೊಸಮನಿಯವರ ಮನೆ ಎಷ್ಟೋ ಊರುಗಳಲ್ಲಿ ಈಗ ಹಳೇ ಮನೆಗಳ ಸಾಲಿನಲ್ಲಿದೆ. ಮುಂಬಯಿಯ ಪಾರ್ಸಿಗಳು ಇದನ್ನು ಇಂಗ್ಲಿಷಿನಲ್ಲೇ ಮಾಡಿದರು. ಹತ್ತೊಂಬತ್ತನೆಯ ಶತಮಾನದ ದೊಡ್ಡ ವರ್ತಕ ಸರ್ ಕಾವಸ್‌ಜಿ ಜಹಾಂಗೀರರ ಅಡ್ಡಹೆಸರು ರೆಡಿಮನಿ. ನಾರಿ ಕಾಂಟ್ರಾಕ್ಟರ್ ಭಾರತ ಕ್ರಿಕೆಟ್ ತಂಡದ ನಾಯಕರಾದರು, ಫಾರೂಕ್ ಎಂಜಿನಿಯರ್ ವಿಕೆಟ್ ಕಾದರು.

ಹೆಸರು ಇಟ್ಟ ದಿನ ಅದರಲ್ಲಿ ತಮಾಷೆ ಇರುವುದಿಲ್ಲ. ಕಾಲ ಸರಿದು ಹೆಸರು ಅಲ್ಲೇ ನಿಂತಾಗ, ಅಥವಾ ಬೇರೆ ಭಾಷೆಯವರ ಕಿವಿಗೆ ಬಿದ್ದಾಗ ಅದು ಹುಟ್ಟಿಕೊಳ್ಳುತ್ತದೆ. ಚಿಕ್ಕಬಳ್ಳಾಪುರ 2007ರಲ್ಲಿ ಜಿಲ್ಲಾ ಕೇಂದ್ರವಾಯಿತು, ದೊಡ್ಡಬಳ್ಳಾಪುರ ಇನ್ನೂ ತಾಲ್ಲೂಕು. ಹಿರೇಮಗಳೂರು ಚಿಕ್ಕಮಗಳೂರಿನ ಮಗ್ಗುಲಿನ ಬಡಾವಣೆಯಂತಾಗಿದೆ. ಹೊಸಪೇಟೆಗೆ ಐನೂರು ವರ್ಷವಾದರೂ ಹೊಸತನ ಬಿಟ್ಟುಹೋಗಿಲ್ಲ. ಕೊಡಗಿನ ಕುಟ್ಟಕ್ಕೆ ಹೋಗುವ ಬಸ್ಸಿನ ಬೋರ್ಡಿನಲ್ಲಿ ನಾಯಿಯನ್ನು ಓದಿಕೊಂಡ ಹಿಂದಿಯವರು ನಕ್ಕರೆ, ರಾಜಸ್ಥಾನದ ಬಾಪ್, ನಾನಾ ಎಂಬ ಊರುಗಳನ್ನು ಅವರಿಗೆ ನೆನಪಿಸಿ. ಅಪ್ಪನೂ ಅಜ್ಜನೂ ಅವರ ಕಡೆಯೇ ಇದ್ದಾರೆ. ಒಡಿಶಾದಲ್ಲಿ 'ಇಬ್' ಎಂಬ ರೈಲು ನಿಲ್ದಾಣವಿದೆ. ಆಂಧ್ರದ 'ವೆಂಕಟನರಸಿಂಹರಾಜುವಾರಿಪೇಟ' ನಿಲ್ದಾಣದ ಫಲಕವನ್ನು ಕಿಟಕಿಯಿಂದ ಓದಿ ಮುಗಿಸುವಷ್ಟರಲ್ಲಿ ರೈಲು ಮುಂದೆ ಹೋಗಿರುತ್ತದೆ.

ಇನ್ನು ನಿಮ್ಮ ಮಗನಿಗೆ ನಗುವ ಬೆಂಗಳೂರಿನವರ ವಿಳಾಸ ನೋಡಿ. ಬೊಮ್ಮಸಂದ್ರ, ಸಿಂಗಸಂದ್ರ, ಜಕ್ಕಸಂದ್ರ: ಈ 'ಸಂದ್ರ' ಮೂಲದಲ್ಲಿ ಸಮುದ್ರ. ಕೆರೆ ಕಟ್ಟಿಸಿದವರು ಅದನ್ನು ಸಮುದ್ರವೆಂದೇ ಕರೆದರು. ಈಗ ಎಷ್ಟೋ ಕಡೆ ಮಳೆ ಬಂದಾಗ ಮಾತ್ರ ಹೆಸರು ನಿಜವಾಗುತ್ತದೆ. ಅಲ್ಲಿ ಬಡಾವಣೆಗಳಿಗೂ ಇನಿಷಿಯಲ್. ಬಿಟಿಎಂ ಎಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಎಚ್‌ಎಸ್‌ಆರ್ ಲೇಔಟ್ ಎಂದರೆ ಹೊಸೂರು–ಸರ್ಜಾಪುರ ರಸ್ತೆಯ ಲೇಔಟ್. ಅದರ ಮುಂದೆ ಮತ್ತೆ ರೋಡ್ ಸೇರಿಸುವವರೂ ಇದ್ದಾರೆ. ಮೇಲಾಗಿ ಬೆಂದ ಕಾಳಿನಿಂದ ಬೆಂಗಳೂರು ಎಂಬ ಕಥೆ. ವೀರಬಲ್ಲಾಳನಿಗೆ ಮುದುಕಿ ಕಾಳು ಬಡಿಸುವುದಕ್ಕೆ ಶತಮಾನಗಳ ಮೊದಲೇ, ಕ್ರಿ.ಶ. 890ರ ಸುಮಾರಿನ ಬೇಗೂರು ಶಾಸನದಲ್ಲಿ ಆ ಹೆಸರು ಕೆತ್ತಿಯಾಗಿತ್ತು.

ನಗುವ ಮೊದಲು ತಡೆಯಬೇಕಾದ ಹೆಸರುಗಳೂ ಇವೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಣ್ಣ, ತಿಪ್ಪಮ್ಮ ಎನ್ನುತ್ತಿದ್ದರು. ಕಸವೆಂದುಕೊಂಡು ಸಾವು ಮುಟ್ಟದಿರಲಿ ಎಂಬ ಲೆಕ್ಕ. ತೆಲುಗಿನ ಪೆಂಟಯ್ಯನೂ ತಿಪ್ಪೆಯವನೇ. ಬಂಗಾಳದ ಪಾಂಚ್‌ಕಡಿಯನ್ನು ಐದು ಕವಡೆಗೆ ಮಾರಿ ಕೊಂಡಂತೆ ಶಾಸ್ತ್ರ ಮಾಡುತ್ತಿದ್ದರು. ಆದರೆ ಹೆಣ್ಣು ಸಾಕೆಂದು ಇಡುವ ಹೆಸರಿಗೆ ಅಂಥ ಪ್ರೀತಿಯ ನೆಪವಿಲ್ಲ. ಬೇಡವಾದವಳು ಎಂಬರ್ಥದ 'ನಕುಶಾ' ಹೆಸರು ಹೊತ್ತ ಇನ್ನೂರಕ್ಕೂ ಹೆಚ್ಚು ಹುಡುಗಿಯರಿಗೆ 2011ರಲ್ಲಿ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ಹೊಸ ಹೆಸರಿಟ್ಟರು. ಬದಲಿಸಬೇಕಾದದ್ದು ಇಂಥ ಹೆಸರು. ನಿಮ್ಮದಲ್ಲ.

ಈಗ ಇನಿಷಿಯಲ್ ವಿಚಾರ. ಅದು ಅಡ್ಡಹೆಸರಿಗಿಂತ ದೊಡ್ಡ ತಲೆನೋವು.

ಶಿವಪುರದ ರಾಮಣ್ಣನ ಮಗ ಸುರೇಶ, ಎಸ್.ಆರ್. ಸುರೇಶ ಎಂದಿಟ್ಟುಕೊಳ್ಳಿ. ಆಧಾರ್‌ನಲ್ಲಿ ಹೆಸರಿಗೆ ಒಂದೇ ಅಂಕಣ, ಹಾಗಾಗಿ 'ಸುರೇಶ ಎಸ್ ಆರ್' ನಡೆಯುತ್ತದೆ. ಪ್ಯಾನ್ ಅರ್ಜಿಯಲ್ಲಿ ಕೊನೆಯ ಹೆಸರು ಕಡ್ಡಾಯ, ಅಲ್ಲಿ ಇನಿಷಿಯಲ್ ಒಪ್ಪುವುದಿಲ್ಲ. ಒಂಟಿ ಹೆಸರಿನವರು ಇರುವ ಒಂದನ್ನೇ ಆ ಅಂಕಣದಲ್ಲಿ ಬರೆಯಬೇಕು. ಪಾಸ್‌ಪೋರ್ಟಿಗೂ ಬಿಡಿಸಿ ಬರೆಯಬೇಕು. ಸರ್‌ನೇಮ್ ಜಾಗದಲ್ಲಿ ಶಿವಪುರ ಎಂದು ತುಂಬಿದರೆ ವಿಮಾನ ನಿಲ್ದಾಣದಲ್ಲಿ ಊರನ್ನೇ ಕೂಗುತ್ತಾರೆ, ರಾಮಣ್ಣ ಎಂದರೆ ಅಪ್ಪನನ್ನು. ಖಾಲಿ ಬಿಟ್ಟರೆ ಇನ್ನೊಂದು ಫಜೀತಿ: ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಅದು ಸರ್‌ನೇಮ್ ಆಗಿ, ಮುಂದೆ 'ಎಫ್‌ಎನ್‌ಯು' ಎಂದು ಅಚ್ಚಾಗುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂಬುದರ ಮೂರಕ್ಷರ ಅದು. ಆಮೇಲೆ ಅಲ್ಲಿಯ ಕಾಗದಪತ್ರಗಳಲ್ಲಿ ಅದೇ ಹೆಸರಾಗಿ ಕೂರುವುದೂ ಉಂಟು. ಯುಎಇ 2022ರ ನವೆಂಬರಿನಿಂದ ಒಂಟಿ ಹೆಸರಿನ ಪ್ರವಾಸಿಗರನ್ನು ತಡೆಯಿತು. ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ತಂದೆಯ ಹೆಸರಿದ್ದರೆ ಸಾಕು ಎಂದು ಆಮೇಲೆ ಸಡಿಲಿಸಿತು. ಊರಲ್ಲೇ ಇರುವವರಿಗೂ ಬಿಡುಗಡೆಯಿಲ್ಲ. ಆಧಾರ್‌ನಲ್ಲಿ 'ಎಸ್ ಆರ್', ಪ್ಯಾನ್‌ನಲ್ಲಿ 'ಶಿವಪುರ ರಾಮಣ್ಣ' ಎಂದಿದ್ದರೆ ಎರಡನ್ನೂ ಜೋಡಿಸುವಾಗ ಹೆಸರು ತಾಳೆಯಾಗುವುದಿಲ್ಲ.

ನಿಮ್ಮ ಮನೆಯಲ್ಲಿ ಈ ಯಾವ ತೊಡಕೂ ಇಲ್ಲ. ಹೆಸರು, ತಂದೆಯ ಹೆಸರು, ಅಡ್ಡಹೆಸರು. ಫಾರ್ಮಿನ ಮೂರು ಅಂಕಣ ತುಂಬಿತು. ಜನನ ನೋಂದಣಿ 21 ದಿನದೊಳಗೆ ಮುಗಿಸಿ. ಹೆಸರು ನಿಶ್ಚಯವಾಗದಿದ್ದರೆ ಆ ಜಾಗ ಖಾಲಿ ಬಿಡಬಹುದು. 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸುತ್ತಾರೆ, 15 ವರ್ಷದವರೆಗೆ ತಡವಾದ ಶುಲ್ಕ ಕಟ್ಟಿ ಸೇರಿಸಬಹುದು. ಆತುರಪಟ್ಟು ತೊಟ್ಟಿಲ ಹೆಸರು ಬರೆಸಬೇಡಿ. ಅಜ್ಜಿಯ ಹೆಸರಿಟ್ಟರೆ ಸೊಸೆ ಅದನ್ನು ಕೂಗಲು ಹಿಂಜರಿದು ಪುಟ್ಟಿ ಎನ್ನುತ್ತಾಳೆ. ಅರ್ಜಿ ಬರೆಯುವವರು ಅದನ್ನೇ ಬರೆದುಬಿಡುತ್ತಾರೆ. ಅಡ್ಡಹೆಸರಿನ ಇಂಗ್ಲಿಷ್ ಕಾಗುಣಿತ ನಿಮ್ಮ ಮಗನ ಪ್ಯಾನ್‌ನಲ್ಲಿ ಹೇಗಿದೆಯೋ ಅಕ್ಷರ ಬಿಡದೆ ಹಾಗೇ ಇರಲಿ. ನಮ್ಮ ಳ, ಣ, ದೀರ್ಘಗಳಿಗೆ ಇಂಗ್ಲಿಷಿನಲ್ಲಿ ಒಬ್ಬೊಬ್ಬ ಗುಮಾಸ್ತರದು ಒಂದೊಂದು ದಾರಿ. ಮುಂದೆ ಶಾಲೆಗೆ ಸೇರಿಸುವಾಗ ಜನನ ಪ್ರಮಾಣಪತ್ರವನ್ನು ಎದುರಿಗಿಟ್ಟುಕೊಂಡೇ ಅರ್ಜಿ ತುಂಬಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಚ್ಚಾದ ಮೇಲೆ ತಿದ್ದಿಸುವುದು ಓಡಾಟದ ಕೆಲಸ.

ಇಷ್ಟಾಗಿಯೂ ನಿಮ್ಮ ಮಗ ತನ್ನ ಅಡ್ಡಹೆಸರು ತೆಗೆಸಿಯೇ ತೀರುತ್ತೇನೆ ಎಂದರೆ ನೋಟರಿ ಮಾಡಿಸಿದ ಅಫಿಡವಿಟ್, ಪತ್ರಿಕೆಗಳಲ್ಲಿ ಪ್ರಕಟಣೆ, ಗೆಜೆಟ್ ಈ ಕ್ರಮದಲ್ಲಿ ಹೋಗಲಿ. ಗೆಜೆಟ್ ಕೈಗೆ ಬಂದ ಮೇಲೆ ಮೊದಲು ಆಧಾರ್, ಆಮೇಲೆ ಪ್ಯಾನ್, ಬ್ಯಾಂಕು, ಪಾಸ್‌ಪೋರ್ಟ್. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನಕ್ಕೆ ಎರಡೇ ಅವಕಾಶ. ಒಂದನ್ನು ಮದುವೆಗೋ ಕಾಗುಣಿತಕ್ಕೋ ಆಗಲೇ ಬಳಸಿದ್ದಾನೆಯೇ ಎಂದು ಮೊದಲು ವಿಚಾರಿಸಿ.

– ಸಂಪಾದಕ