ಪಂಚಾಯ್ತಿವರೆಗೆ ಬಂದ ಫೈಬರ್ ಮನೆಗೆ ಯಾಕೆ ಬರಲಿಲ್ಲ?

ನಿಮ್ಮ ಪ್ರಶ್ನೆ: “ರೋಣ ತಾಲ್ಲೂಕಿನ ನಮ್ಮೂರ ಪಂಚಾಯ್ತಿಗೆ ಇಂಟರ್ನೆಟ್‌ನ ಫೈಬರ್ ಕೇಬಲ್ ಬಂದು ವರ್ಷಗಳಾದವು. ಮನೆಗೆ ಮಾತ್ರ ಬಂದಿಲ್ಲ. ಸರ್ಕಾರದ ಹತ್ತಿರ ದುಡ್ಡಿಲ್ಲವಾ?”

ದುಡ್ಡು ಇದೆ ರೀ. ಅದರಲ್ಲಿ ನಿಮ್ಮದೂ ಇದೆ. ಹಳ್ಳಿಗಳಿಗೆ ಸಂಪರ್ಕ ಕೊಡಲೆಂದೇ ಒಂದು ನಿಧಿ 2002ರಿಂದ ಇದೆ. ಟೆಲಿಕಾಂ ಕಂಪನಿಗಳು ತಮ್ಮ ಆದಾಯದ ಶೇ 5ರಷ್ಟನ್ನು ಅದಕ್ಕೆ ಕಟ್ಟಬೇಕು. ಕಂಪನಿಗೆ ಆ ಆದಾಯ ಬರೋದು ನಮ್ಮ ರೀಚಾರ್ಜಿನಿಂದ ಅಲ್ವಾ? 2023ರ ಟೆಲಿಕಾಂ ಕಾಯ್ದೆ ಆ ನಿಧಿಗೆ ‘ಡಿಜಿಟಲ್ ಭಾರತ್ ನಿಧಿ’ ಅಂತ ಹೊಸ ಹೆಸರಿಟ್ಟಿದೆ.

ನಾನು ಗದಗ ಸುತ್ತಮುತ್ತ ಫೈಬರ್ ಜಾಯಿಂಟ್ ಮಾಡುವವನು. ನನ್ನ ಪ್ರಕಾರ ತೊಂದರೆ ಇರೋದು ನಕ್ಷೆಯಲ್ಲಿ. 2011ರಲ್ಲಿ ಕೇಂದ್ರ ಒಪ್ಪಿದ ಯೋಜನೆ, ಅಂದರೆ ಈಗಿನ ಭಾರತ್‌ನೆಟ್, ಪಂಚಾಯ್ತಿ ಬಾಗಿಲಿಗೇ ಮುಗಿಯುವಂತೆ ಹಾಕಿದ್ದು. ದೇಶದ ಸುಮಾರು 2.5 ಲಕ್ಷ ಪಂಚಾಯ್ತಿಗಳಿಗೆ ಸರ್ಕಾರ ಎಳೆಯುತ್ತದೆ, ಮುಂದೆ ಕಂಪನಿಗಳು, ಕೇಬಲ್‌ನವರು ಅದನ್ನು ಬಾಡಿಗೆಗೆ ಪಡೆದು ಮನೆಮನೆಗೆ ಕೊಡುತ್ತಾರೆ ಅನ್ನೋದು ಲೆಕ್ಕ. ನಾನೂರು ಮನೆಯ ಊರಲ್ಲಿ ಹತ್ತು ಮಂದಿ ಕನೆಕ್ಷನ್ ತಗೊಂಡರೆ ಯಾರಿಗೆ ಗಿಟ್ಟುತ್ತದೆ?

ಇನ್ನೊಂದು, ಹಳೇ ಲೈನು ಮರದ ಟೊಂಗೆ ಇದ್ದ ಹಾಗೆ. ಬುಡದಲ್ಲಿ ಕಡಿದರೆ ತುದಿಯವರೆಗೂ ಒಣಗಿತು. ಹೋದ ಬೇಸಿಗೆಯಲ್ಲಿ ನೀರಿನ ಪೈಪು ಹೂಳಲು ಬಂದ ಜೆಸಿಬಿ ಒಂದೇ ಏಟಿಗೆ ಕೇಬಲ್ ಕಿತ್ತು ಹಾಕಿತು. ಮುಂದಿನ ಮೂರು ಊರು ಬಂದ್. ಎರೆ ಮಣ್ಣು ನಿಮಗೆ ಗೊತ್ತಲ್ಲ, ಒಣಗಿದರೆ ಕಲ್ಲು. ಹರಿದ ತುದಿ ಹುಡುಕಲು ಅರ್ಧ ದಿನ, ಜಾಯಿಂಟ್ ಮಾಡಲು ಒಂದು ತಾಸು. ಅದೇ ಮಳೆಗಾಲವಾಗಿದ್ದರೆ ನಮ್ಮ ಗಾಡಿ ಆ ಹೊಲದ ದಾರಿಗೆ ಇಳಿಯುತ್ತಲೇ ಇರಲಿಲ್ಲ. ಅಗೆಯುವ ಮೊದಲು ತಿಳಿಸಲಿ ಅಂತ 2023ರಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಅನ್ನೋ ಆ್ಯಪ್ ಬಂತು. ಆ ಜೆಸಿಬಿ ಹುಡುಗ ಅದರ ಹೆಸರೂ ಕೇಳಿರಲಿಲ್ಲ.

2023ರ ಆಗಸ್ಟ್‌ನಲ್ಲಿ ಯೋಜನೆ ತಿದ್ದಿದರು. ಮೊತ್ತ 1,39,579 ಕೋಟಿ ರೂಪಾಯಿ. ಇನ್ನು ಮುಂದೆ ತಾಲ್ಲೂಕಿನಿಂದ ಪಂಚಾಯ್ತಿಗಳಿಗೆ ಲೈನು ಬಳೆಯ ಹಾಗೆ ಸುತ್ತು ಹಾಕುತ್ತದೆ. ಒಂದು ಕಡೆ ಹರಿದರೂ ಇನ್ನೊಂದು ಕಡೆಯಿಂದ ನೆಟ್ ಬರುತ್ತದೆ. ಹಳ್ಳಿಗಳಲ್ಲಿ 1.5 ಕೋಟಿ ಮನೆಗೆ ಕನೆಕ್ಷನ್ ಕೊಡುವ ಗುರಿಯೂ ಇದೆ. ಆದರೆ ಕೇಳಿದವರಿಗೆ ಮಾತ್ರ. ಸುಮ್ನೆ ಕೂತರೆ ಬರಲ್ಲ. ಇಪ್ಪತ್ತು ಮೂವತ್ತು ಮನೆಯವರು ಸೇರಿ ಗ್ರಾಮಸಭೆಯಲ್ಲಿ ಬರೆದು ಕೊಡಿ. ಸ್ಪೀಡ್ ಎಷ್ಟು ಅಂತಲೂ ಕೇಳಿ. ನಮ್ಮ ದೇಶದ ನಿಯಮದಲ್ಲಿ 2 ಎಂಬಿಪಿಎಸ್ ಸ್ಪೀಡ್ ಬಂದರೂ ಅದು ಬ್ರಾಡ್‌ಬ್ಯಾಂಡೇ! 2023ಕ್ಕೆ ಮೊದಲು 512 ಕೆಬಿಪಿಎಸ್, ಅಂದರೆ ಅದರ ಕಾಲು ಭಾಗ, ಸಾಕಿತ್ತು.

ಅದಕ್ಕೂ ಮೊದಲು ಪಂಚಾಯ್ತಿಗೆ ಹೋಗಿ ಫೈಬರ್ ಬಂದು ಸೇರುವ ಡಬ್ಬಿ ನೋಡಿ ಬನ್ನಿ. ಕೆಂಪು ದೀಪ ಮಿಣುಕುತ್ತಿದ್ದರೆ ಲೈನು ಎಲ್ಲೋ ಹರಿದಿದೆ. ಒಂದು ದೀಪವೂ ಇಲ್ಲದಿದ್ದರೆ ಕರೆಂಟೇ ಇಲ್ಲ, ಬ್ಯಾಟರಿ ಸತ್ತಿರುತ್ತದೆ, ಇಲ್ಲಾ ಯಾರೋ ಮೊಬೈಲ್ ಚಾರ್ಜ್ ಹಾಕಲು ಪ್ಲಗ್ ಕಿತ್ತಿರುತ್ತಾರೆ. ಇದನ್ನು ನಾನು ಎರಡು ಊರಲ್ಲಿ ಕಂಡಿದ್ದೇನೆ.