ಪ್ರತಿಕ್ರಿಯೆ: ಹಾಫ್-ಲೈಫ್ 2ರಲ್ಲಿ ಪೊಲೀಸನ ಮೇಲೆ ಕ್ಯಾನ್ ಹಾಕಿದರೂ ‘ಡಿಫಯಂಟ್’ ಸಿಗುತ್ತಿಲ್ಲ

ಹಾಫ್-ಲೈಫ್ 2 ಅನ್ನೋ ವಿಡಿಯೋ ಗೇಮ್‌ನಲ್ಲಿ ಪೊಲೀಸನಿಗೆ ಕ್ಯಾನ್ ಹೊಡೆದರೆ ಸಿಗೋ ‘ಡಿಫಯಂಟ್’ ಅಚೀವ್‌ಮೆಂಟ್ (ಆಟ ಕೊಡೋ ಸಾಧನೆಯ ಗುರುತು) ಬರುತ್ತಿಲ್ಲ ಅಂತ ಕೇಳಿದ್ದೀರಿ. ನೀವು ಕ್ಯಾನ್ ಎಸೆಯುತ್ತಿಲ್ಲ, ಕೈಬಿಡುತ್ತಿದ್ದೀರಿ ಅನ್ನಿಸುತ್ತೆ. ‘ಅವನ ಕಾಲ ಹತ್ರಾನೇ ಬಿತ್ತು, ಆದ್ರೂ ಅಚೀವ್‌ಮೆಂಟ್ ಬರಲಿಲ್ಲ’ ಅಂತ ಬರೆದಿದ್ದೀರಲ್ಲ, ಅದರಿಂದ ಈ ಊಹೆ. ಇ ಕೀ ಎರಡನೇ ಸಲ ಒತ್ತಿದರೆ ವಸ್ತು ಸುಮ್ಮನೆ ಕೆಳಗೆ ಬೀಳುತ್ತೆ. ಎಸೆಯೋದು ಮೌಸ್‌ನ ಎಡ ಬಟನ್.

ಆಟ ನಡೆಯೋ ಊರು ಸಿಟಿ 17ರ ರೈಲು ನಿಲ್ದಾಣದಲ್ಲಿ ಆ ಪೊಲೀಸ ಲಾಠಿಯಿಂದ ಕ್ಯಾನ್ ಉರುಳಿಸೋಕೆ ಮೊದಲೇ ಎಫ್6 ಒತ್ತಿ ಸೇವ್ ಮಾಡಿ. ಅವನು ಎತ್ತು ಅಂದ ಮೇಲೆ ಇ ಒತ್ತಿ ಕ್ಯಾನ್ ತಗೊಳ್ಳಿ, ಕಸದ ಡಬ್ಬಿ ಕಡೆ ಹೋಗಬೇಡಿ. ನೇರ ಅವನ ಕಡೆ ತಿರುಗಿ, ಹತ್ತಿರದಿಂದ ಎದೆಗೆ ಗುರಿಯಿಟ್ಟು ಎಡ ಬಟನ್ ಒತ್ತಿ. ತಗುಲಿದ ಕೂಡಲೇ ಲಾಠಿ ಬೀಸುತ್ತಾ ಬೆನ್ನಟ್ಟುತ್ತಾನೆ. ನಿಮ್ಮ ಕೈಲಿ ಆಯುಧ ಇಲ್ಲ, ಹಾಗಾಗಿ ಓಡೋದೇ ಸರಿ. ಒಂದೆರಡು ಏಟು ಬಿದ್ದರೆ ಬೀಳಲಿ.

(ಸಿವಿಲ್ ಪ್ರೊಟೆಕ್ಷನ್‌ನವರು, ಅಂದ್ರೆ ಈ ಪೊಲೀಸರು, ಅನ್ಯಗ್ರಹದವರಲ್ಲ; ಭೂಮಿಯನ್ನು ಆಳೋ ಕಂಬೈನ್ ಅನ್ನೋ ಅನ್ಯಗ್ರಹ ಸಾಮ್ರಾಜ್ಯದ ಕೈಕೆಳಗೆ ಸೇರಿಕೊಂಡ ಮನುಷ್ಯರೇ. ಅದಕ್ಕೇ ಈ ಚಿಲ್ಲರೆ ದರ್ಪ ನೋಡಿದರೆ ಮೈ ಉರಿಯುತ್ತೆ.)

ಸರಿಯಾಗಿ ತಗುಲಿದರೂ ಬರಲಿಲ್ಲವಾದರೆ ಎರಡನೇ ಅನುಮಾನ ಕನ್ಸೋಲ್ (ಆಟದೊಳಗೆ ಆಜ್ಞೆ ಟೈಪ್ ಮಾಡೋ ಕಿಟಕಿ) ಮೇಲೆ. ಆಟ ತೆರೆದ ಮೇಲೆ ಅಲ್ಲಿ ಒಮ್ಮೆ ಚೀಟ್ (ಆಟದ ನಿಯಮ ಮೀರೋ ಆಜ್ಞೆ) ಆನ್ ಮಾಡಿದ್ದರೂ ಅಚೀವ್‌ಮೆಂಟ್ ನಿಂತುಹೋಗುತ್ತೆ, ಆಮೇಲೆ ಆಫ್ ಮಾಡಿದರೂ ಅಷ್ಟೇ. ಆಟ ಪೂರ್ತಿ ಮುಚ್ಚಿ, ಮತ್ತೆ ತೆರೆದು, ಆ ಸೇವ್ ಲೋಡ್ ಮಾಡಿ. ನೀವು ಚೀಟ್ ಬಳಸಿದ್ದೀರೋ ಇಲ್ಲವೋ ಪ್ರಶ್ನೆಯಲ್ಲಿ ಇಲ್ಲ, ಅದಕ್ಕೆ ಖಚಿತವಾಗಿ ಹೇಳಲಾರೆ.

ಪೊಲೀಸ ಹೇಳಿದ ಹಾಗೆ ಕೇಳಿದರೆ ಸಿಗೋ ‘ಸಬ್‌ಮಿಸಿವ್’ ಅಚೀವ್‌ಮೆಂಟ್ ಕೂಡ ಬೇಕಿದ್ದರೆ ಎಫ್9 ಒತ್ತಿ ಆ ಸೇವ್‌ಗೆ ಹಿಂದಕ್ಕೆ ಬಂದು, ಈ ಸಲ ಕ್ಯಾನನ್ನು ಡಬ್ಬಿಗೆ ಹಾಕಿ.