ಒಬ್ಬಳಿಗೇ ಎರಡು ಓಟು

ಪ್ರಶ್ನೆ: ಭಾನುವಾರ ಸಂಜೆ ನಾವು ಮೂವರು ಗೆಳೆಯರು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಎಂಬ, ಪಾತ್ರ ವಹಿಸಿ ದಾಳ ಉರುಳಿಸಿ ಕತೆ ಕಟ್ಟುವ ಆಟ ಆಡುತ್ತೇವೆ. ಒಬ್ಬ ಡಿ.ಎಂ. (ಕತೆ ನಡೆಸುವವ) ಆದರೆ ಆಡಲು ಉಳಿಯುವವರು ಇಬ್ಬರೇ. ಹಾಗಾಗಿ ತಲಾ ಎರಡು ಪಾತ್ರ. ನನ್ನದು ಒಬ್ಬ ವಿಝರ್ಡ್ (ಮಂತ್ರವಾದಿ), ಒಬ್ಬ ಕ್ಲೆರಿಕ್ (ಗಾಯ ವಾಸಿ ಮಾಡುವ ಪೂಜಾರಿ). ಹೊಡೆದಾಟ ಶುರುವಾದರೆ ನನ್ನ ಸರದಿ ಮುಗಿಯುವುದೇ ಇಲ್ಲ ಅಂತ ಗೆಳೆಯನ ಗೊಣಗಾಟ. ನನ್ನ ಇಬ್ಬರೂ ಮಾತಾಡಿಕೊಂಡರೆ ನನಗೇ ನಗು ಬರುತ್ತದೆ. ಒಂದನ್ನು ಬಿಡಲೇ?
- ಓದುಗ, ಶಿರಸಿ

ಉತ್ತರ: ಬಿಡಬೇಡ ತಮ್ಮಾ. ಆದರೆ ವಿಝರ್ಡನ ಜೊತೆ ಕ್ಲೆರಿಕ್ಕನ್ನೂ ಇಟ್ಟುಕೊಂಡೆಯಲ್ಲ, ಅದು ಎರಡೂ ಒಲೆಯ ಮೇಲೆ ಹಾಲಿಟ್ಟ ಹಾಗೆ. ಇಬ್ಬರಿಗೂ ಮಂತ್ರದ ಪಟ್ಟಿ, ಇಬ್ಬರದೂ ಎಷ್ಟು ಖರ್ಚಾಯಿತು ಎಂಬ ಲೆಕ್ಕ. ನೀನು ಹಾಳೆ ತಿರುವುತ್ತ ಕೂತರೆ ಅವನು ಗೊಣಗದೇ ಏನು ಮಾಡಿಯಾನು? ಒಬ್ಬರನ್ನು ಫೈಟರ್ ಮಾಡು. ಹತ್ತಿರ ಹೋದ, ದಾಳ ಉರುಳಿಸಿದ, ಮುಗಿಯಿತು.

ನಾನೂ ಇದರಲ್ಲಿ ಪೆಟ್ಟು ತಿಂದವಳೇ. 2020ರ ಮಳೆಗಾಲದಲ್ಲಿ ಅಣ್ಣನ ಮಕ್ಕಳಿಬ್ಬರು ಬೆಂಗಳೂರಿನಿಂದ ಬಂದು ಮನೆಯಲ್ಲಿ ಉಳಿದಿದ್ದರು. ಜಗಲಿಯಲ್ಲಿ ಆಟ. ಬೊಂಬೆ ಎಲ್ಲಿಂದ ತರುವುದು? ಅಡಿಕೆಯೇ ಬೊಂಬೆ. ನನ್ನ ಫೈಟರ್ ಗುಡ್ಡಪ್ಪ ಬಿಳಿ ಚಾಲಿ ಅಡಿಕೆ, ಕ್ಲೆರಿಕ್ ಮಂಜಕ್ಕ ಕೆಂಪಡಿಕೆ, ಶತ್ರುಗಳಾದ ಗಾಬ್ಲಿನ್‌ಗಳೆಲ್ಲ ಕೀಳು ದರ್ಜೆಯ ಕೋಕ. 'ಕೋಕಕ್ಕೆ ಇಷ್ಟು ಮರ್ಯಾದೆ ಎಲ್ಲೂ ಸಿಕ್ಕಿದ್ದಿಲ್ಲೆ' ಎಂದು ನಮ್ಮ ಭಾವ ನಕ್ಕಿದ್ದರು.

ಮೂರನೇ ದಿನ ಗುಹೆಯ ಬಾಗಿಲಲ್ಲಿ ಎಡಕ್ಕೋ ಬಲಕ್ಕೋ ಎಂಬ ಚರ್ಚೆ. ಗುಡ್ಡಪ್ಪ ಎಡಕ್ಕೆ ಅಂದ, ಮಂಜಕ್ಕನೂ ಎಡಕ್ಕೇ ಅಂದಳು. ಅಣ್ಣನ ಮಗಳು ಸಿಟ್ಟಾದಳು: 'ಅತ್ತೆ, ನಿಂಗೊಬ್ಬಳಿಗೇ ಎರಡು ಓಟು!' ಅಷ್ಟು ದಿನ ನನಗೆ ಹೊಳೆದೇ ಇರಲಿಲ್ಲ. ಸರದಿ ಉದ್ದವಾದರೆ ಜನ ಹೇಗೋ ಸಹಿಸುತ್ತಾರೆ. ತಮ್ಮ ಮಾತಿಗೆ ಅರ್ಧ ಬೆಲೆ ಅಂತ ಅನ್ನಿಸಿದ ಮೇಲೆ ಆಟವೇ ಬೇಡವಾಗುತ್ತದೆ. ಅವತ್ತಿನಿಂದ ಮಂಜಕ್ಕ ಹೊಡೆದಾಟಕ್ಕೆ, ಗಾಯ ವಾಸಿ ಮಾಡುವುದಕ್ಕೆ ಮಾತ್ರ. ತೀರ್ಮಾನದ ಹೊತ್ತಿಗೆ ಬಾಯಿಗೆ ಕವಳ ಹಾಕಿಕೊಂಡು ಸುಮ್ಮನಿರುತ್ತಾಳೆ.

ನಿನ್ನ ನಗುವಿಗೆ ಔಷಧ ನಮ್ಮ ಅಪ್ಪಯ್ಯನ ಹತ್ತಿರವಿತ್ತು. ಅವರು ಊರ ತಾಳಮದ್ದಲೆಯಲ್ಲಿ ಅರ್ಥ ಹೇಳುತ್ತಿದ್ದವರು, ಅಂದರೆ ಕೂತಲ್ಲೇ ಪಾತ್ರವಾಗಿ ಮಾತಾಡುತ್ತಿದ್ದವರು. ಒಂದು ಮಳೆಗಾಲ, ಕುಮಟೆಯಿಂದ ಬರಬೇಕಿದ್ದ ಅರ್ಥಧಾರಿ ದೇವಿಮನೆ ಘಟ್ಟದಲ್ಲಿ ಸಿಕ್ಕಿಬಿದ್ದರು. ಪ್ರಸಂಗ ಕೃಷ್ಣಸಂಧಾನ. ಅಪ್ಪಯ್ಯ ಧರ್ಮರಾಯನನ್ನೂ ವಿದುರನನ್ನೂ ಒಬ್ಬರೇ ನಿಭಾಯಿಸಿದರು. ಧರ್ಮರಾಯ ಕೃಷ್ಣನನ್ನು ಕಳಿಸಿಕೊಟ್ಟ ಮೇಲೆ ಹಸ್ತಿನಾವತಿಯಲ್ಲಿ ವಿದುರ. ಇಬ್ಬರೂ ಎದುರುಬದುರಾಗುವುದೇ ಇಲ್ಲ. ಇನ್ನೊಮ್ಮೆ ಯಾರೋ ವಾಲಿ, ಸುಗ್ರೀವ ಎರಡನ್ನೂ ನೀವೇ ಹೇಳಿ ಅಂದಾಗ 'ಎನ್ನ ಕೆನ್ನೆಗೆ ಆನೇ ಹೊಡ್ಕಳವಾ?' ಅಂದುಬಿಟ್ಟರು. ನಿನ್ನ ಇಬ್ಬರು ಜಗಳವಾಡಲೇಬೇಕಾದಾಗ ಒಬ್ಬರ ಹಾಳೆಯನ್ನು ಗೆಳೆಯನ ಕೈಗೆ ಕೊಡು. ಆ ಹತ್ತು ನಿಮಿಷ ಅವನು ಮಾತಾಡಲಿ. ನಿನ್ನ ಕ್ಲೆರಿಕ್ ಹೀಗೂ ಯೋಚಿಸುತ್ತಾನಾ ಅಂತ ನೀನೇ ಬೆರಗಾಗುತ್ತೀಯ.

ಇನ್ನೊಂದು ಕಳ್ಳತನ ಇದೆ, ನಾನೂ ಮಾಡಿದ್ದೇನೆ. ಒಬ್ಬ ಒಳಗೆ ಹೋಗಿ ಗುಂಡಿ ನೋಡಿದರೆ ಹೊರಗಿದ್ದವನೂ ಅದನ್ನು ದಾಟಿಕೊಂಡೇ ಬರುತ್ತಾನೆ. ಅವನಿಗೆ ಹೇಳಿದವರು ಯಾರು? ನಾವು ಅಡಿಕೆ ನೋಡುತ್ತಿದ್ದೆವು: ಎರಡೂ ಒಂದೇ ಕೋಣೆಯಲ್ಲಿಲ್ಲವಾದರೆ ಸುದ್ದಿಯೂ ದಾಟುವುದಿಲ್ಲ.

ಎರಡನೆಯವರು ಪೂರ್ತಿ ಪಾತ್ರವೇ ಆಗಬೇಕೆಂದೂ ಇಲ್ಲ. ಈ ಆಟದ 1974ರ ಮೊದಲ ಆವೃತ್ತಿಯಲ್ಲೇ ಆಳುಗಳನ್ನು ಕಟ್ಟಿಕೊಂಡು ಹೋಗಬಹುದಿತ್ತು. ಎಷ್ಟು ಮಂದಿ ಎಂಬುದು ನಿಮ್ಮ ಪಾತ್ರದ ಕರಿಸ್ಮಾ (ಜನರನ್ನು ಸೆಳೆಯುವ ಶಕ್ತಿ) ಅಂಕದ ಮೇಲೆ. ಐದನೇ ಆವೃತ್ತಿಯ ಸೈಡ್‌ಕಿಕ್ (ಜೊತೆಗಾರ) ನಿಯಮದಲ್ಲಿ ಯೋಧ, ಪರಿಣತ, ಮಂತ್ರಗಾರ ಎಂದು ಮೂರೇ ಬಗೆ, ಲೆಕ್ಕವೂ ಹಗುರ. ಡಂಜನ್ ಕ್ರಾಲ್ ಕ್ಲಾಸಿಕ್ಸ್ ಎಂಬ ಆಟದಲ್ಲಂತೂ ಶುರುವಿಗೆ ಒಬ್ಬೊಬ್ಬರಿಗೆ ಮೂರು ನಾಲ್ಕು ಬಡ ರೈತರು, ಬದುಕಿ ಉಳಿದವನೇ ನಿಮ್ಮ ನಾಯಕ. ಅಲ್ಲಿ ಯಾರಿಗೂ ಓಟಿನ ಚಿಂತೆಯಿಲ್ಲ, ಅರ್ಧ ಗಂಟೆಯಲ್ಲಿ ಅರ್ಧ ಮಂದಿ ಸತ್ತಿರುತ್ತಾರೆ.

ಪ್ರಶ್ನೆ: ನಮ್ಮ ಗುಂಪಿನ ಒಬ್ಬನಿಗೆ ಪಾಳಿ ಕೆಲಸ. ಅವನಿಲ್ಲದ ದಿನ ಅವನ ಪಾತ್ರವನ್ನು ನಾವೇ ಆಡಿದೆವು, ಅದು ಸತ್ತುಹೋಯಿತು. ಈಗ ಅವನು ಮಾತು ಬಿಟ್ಟಿದ್ದಾನೆ.
- ಓದುಗರು, ಕಾರವಾರ

ಉತ್ತರ: ಅವನ ಜಾಗದಲ್ಲಿ ನಾನಿದ್ದರೂ ಬಿಡುತ್ತಿದ್ದೆ. ಪರರ ದೋಣಿ ತೆಗೆದುಕೊಂಡು ಹೋಗಿ ಬಂಡೆಗೆ ಬಡಿದಿರಿ. ಇಲ್ಲದವನ ಪಾತ್ರ ಹಿಂದೆ ನಿಂತು ದೀಪ ಹಿಡಿಯಬೇಕು, ಅಷ್ಟೇ. 1987ರ ಆರ್ಸ್ ಮ್ಯಾಜಿಕಾ ಎಂಬ ಇಂಥದ್ದೇ ಆಟದಲ್ಲಿ ಗ್ರಾಗ್ ಎಂಬ ಕಾವಲಾಳುಗಳು ಎಲ್ಲರಿಗೂ ಸೇರಿದವರು, ಯಾರು ಬೇಕಾದರೂ ಆಡಬಹುದು. ಆದರೆ ಅದು ಮೊದಲೇ ಮಾಡಿಕೊಂಡ ಒಪ್ಪಂದ. ನೀವು ಕೇಳಿದ್ದಿರಾ?

ದಾರಿ ಇನ್ನೂ ಇದೆ. ನಿಮ್ಮದು ಐದನೇ ಆವೃತ್ತಿಯಾದರೆ, ಸತ್ತು ಹತ್ತು ದಿನದೊಳಗೆ ರೇಸ್ ಡೆಡ್ ಮಂತ್ರ ಹಾಕಿ ಎಬ್ಬಿಸಬಹುದು. ಆಟದೊಳಗಿನ ಹತ್ತು ದಿನ, ಕ್ಯಾಲೆಂಡರಿನದ್ದಲ್ಲ. 500 ಚಿನ್ನದ ನಾಣ್ಯ ಬೆಲೆಯ ವಜ್ರ ಬೇಕು. ಅದರ ದುಡ್ಡು ಅವತ್ತು ಆಡಿದವರ ಚೀಲದಿಂದ ಹೋಗಲಿ, ಅವನ ಚೀಲ ಮುಟ್ಟಬೇಡಿ.

ಪ್ರಶ್ನೆ: ಇಪ್ಪತ್ತು ಮುಖದ ದಾಳ ನಮ್ಮಲ್ಲಿಲ್ಲ. ಏನು ಮಾಡುವುದು?
- ಓದುಗಳು, ಹೊನ್ನಾವರ

ಉತ್ತರ: ಮನೆಯಲ್ಲಿ ಹೌಸಿ ಆಟದ ಡಬ್ಬಿ ಇದ್ದರೆ 1ರಿಂದ 20ರ ತನಕದ ಬಿಲ್ಲೆಗಳನ್ನು ಚೀಲಕ್ಕೆ ಹಾಕಿ ಎತ್ತಿ. ಎತ್ತಿದ್ದನ್ನು ಪ್ರತಿಸಲ ವಾಪಸ್ ಹಾಕಬೇಕು. ನಾವು ಒಮ್ಮೆ ಮರೆತು, 20 ಒಂದೇ ಸಲ ಬಂದು ಹೋಗಿ, ರಾತ್ರಿಯಿಡೀ ಮತ್ತೆ ಬರಲೇ ಇಲ್ಲ.